ಘಾಟಿಗೆ ಹೋದ ಹರಕೆ ಮರಿ

ಮೊನ್ನೆ ಮನೆಗೆ ಒಂದು ಪಾರ್ಸೆಲ್ ಬಂತು. ಒಡೆದು ನೋಡಿದರೆ ಒಳಗೆ ಹಳದಿ ಬಣ್ಣದ ಪುಟ್ಟ ರೇನ್‌ಕೋಟು. ಯಾರ ಮಗುವಿಗೋ ಉಡುಗೊರೆ ಇರಬೇಕೆಂದು ಬಿಡಿಸಿದೆ. ತೋಳು ನಾಲ್ಕಿದ್ದವು. ಹಿಂದುಗಡೆ ಬಾಲಕ್ಕೆಂದು ಒಂದು ತೂತು. ಬಿಡದಿಯಲ್ಲಿ ಕೆಲಸಕ್ಕಿರುವ ಮಗಳು ಸಂಜೆ ರೈಲಿಳಿದು ಬಂದು, ಅದನ್ನು ನಮ್ಮ ನಾಯಿಗೆ ತೊಡಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿ, ಕುತ್ತಿಗೆಯ ಹತ್ತಿರ ಬಿಗಿಯಾಯಿತಲ್ಲ ಎಂದು ಬಹಳ ಬೇಸರಪಟ್ಟಳು. ನನ್ನ ಮದುವೆಗೆ ಹೊಲಿಸಿದ ಕೋಟು ಕಂಕುಳಲ್ಲಿ ಬಿಗಿಯಾಗಿದ್ದಾಗ ಯಾರೂ ಇದರ ಅರ್ಧದಷ್ಟೂ ಬೇಸರಪಟ್ಟಿರಲಿಲ್ಲ.

ವಿಷಯ ಇಷ್ಟು. ಮಗಳೂ ಅವಳ ಗೆಳತಿಯರೂ ಸಕಲೇಶಪುರದ ಆಚೆ ಘಾಟಿಯಲ್ಲಿ ಎರಡು ದಿನ ಡೇರೆಯಲ್ಲಿ ಇದ್ದು ಬರುತ್ತಾರಂತೆ. ಮಳೆಯಲ್ಲೇ ಹೋಗಬೇಕಂತೆ, ಮಳೆಯೇ ಅಲ್ಲಿಯ ವಿಶೇಷವಂತೆ. ಸಾಕಿದ ಪ್ರಾಣಿಗಳಿಗೂ ಸ್ವಾಗತ ಎಂದು ಜಾಹೀರಾತಿನಲ್ಲಿದೆ. ಫೋನಿನಲ್ಲಿ ಚಿತ್ರ ತೋರಿಸಿದಳು. ಡೇರೆಯೊಳಗೆ ಹಾಸಿಗೆ, ದಿಂಬು, ನೇತು ಹಾಕಿದ ಬಲ್ಬು, ಮೂಲೆಯಲ್ಲಿ ನಾಯಿಗೇ ಬೇರೆ ಹಾಸಿಗೆ. "ಅಪ್ಪ, ನೀನು ಟಗರು ಕರ್ಕೊಂಡು ಘಾಟಿಗೆ ಹೋದ ಕತೆ ಅವರಿಗೆಲ್ಲ ಹೇಳಿದ್ದೀನಿ. ಪೂರ್ತಿ ಬರೆದುಕೊಡು, ಅಲ್ಲಿ ಕೂತು ಓದ್ತೀವಿ," ಎಂದಳು. ಆ ಕತೆಯನ್ನು ನಾನು ಮೂವತ್ತು ವರ್ಷದಿಂದ ಮದುವೆಮನೆಗಳಲ್ಲಿ, ಸ್ಕೂಲಿನ ಸ್ಟಾಫ್ ರೂಮಿನಲ್ಲಿ, ರೈಲಿನಲ್ಲಿ ಹೇಳುತ್ತಾ ಬಂದಿದ್ದೇನೆ. ಕೇಳಿದವರು ನಗುತ್ತಾರೆ. ಹೇಳುವ ನನಗೆ ಪ್ರತಿ ಸಲವೂ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲೇ ಬರೆಯಲು ಕೂತೆ.

ನಾನು ಎರಡು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ನನ್ನನ್ನು ಸಾಕಿದವರು ಚಿಕ್ಕಪ್ಪ ಚಿಕ್ಕಮ್ಮ. ಚನ್ನಪಟ್ಟಣದಿಂದ ವಿರೂಪಾಕ್ಷಿಪುರದ ಕಡೆಗೆ ಹೋಗುವಾಗ ಸಿಗುವ ಹಳ್ಳಿ, ರೇಷ್ಮೆ ಹುಳ ಸಾಕುವ ಮನೆ. ಹುಳ ಸಾಕುವವರ ಮನೆಯಲ್ಲಿ ಇದ್ದು ನೋಡಿದವರಿಗೆ ಗೊತ್ತಿರುತ್ತದೆ, ಅಲ್ಲಿ ಮನೆಯ ಯಜಮಾನ ಹುಳ, ಮನುಷ್ಯರೆಲ್ಲ ಬಾಡಿಗೆಗೆ ಇದ್ದವರ ಹಾಗೆ. ಪಡಸಾಲೆ, ನಡುಮನೆ ಎಲ್ಲಾ ಹುಳದ ತಟ್ಟೆಗಳಿಗೆ. ನಮಗೆ ಜಗುಲಿ. ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ, ಬೀಡಿ ಹಚ್ಚುವಂತಿಲ್ಲ, ನೆಂಟರು ಬಂದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಕು. ಒದ್ದೆ ಸೊಪ್ಪು ಕೊಟ್ಟರೆ ಹುಳಕ್ಕೆ ರೋಗ. ಆದ್ದರಿಂದ ಮಳೆ ಬಂದ ದಿನ ಹಿಪ್ಪುನೇರಳೆ ಸೊಪ್ಪನ್ನು ಹರಡಿ, ಆರಿಸಿ, ಒರೆಸಿ ಹಾಕಬೇಕು. ಹುಳ ತಿಂದು ಬಲಿತು ಹಣ್ಣಾಗಿ, ಗೂಡು ಕಟ್ಟಿ, ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗುವವರೆಗೆ ಮನೆಯವರು ಯಾರೂ ಅತ್ತಿತ್ತ ಅಲುಗಾಡುವಂತಿಲ್ಲ. ಆಮೇಲೆ ಮನೆ ತೊಳೆದು, ರೋಗ ಉಳಿಯದ ಹಾಗೆ ಕಣ್ಣು ಮೂಗು ಉರಿಯುವ ಔಷಧಿ ಹೊಡೆದು, ಬಾಗಿಲು ಹಾಕಿ ಬಿಡುತ್ತಾರೆ. ಆ ನಾಲ್ಕೈದು ದಿನ ಮಾತ್ರ ನಮಗೆ ರಜ. ನಮ್ಮ ಮನೆಯ ಪ್ರವಾಸ, ನೆಂಟಸ್ತನ, ಸಾವಿನ ಮನೆಗೆ ಹೋಗಿ ಮಾತಾಡಿಸಿ ಬರುವುದು ಎಲ್ಲವೂ ಆ ನಾಲ್ಕೈದು ದಿನದಲ್ಲೇ ಆಗಬೇಕು. ಮಳೆಗಾಲವೋ ಬೇಸಿಗೆಯೋ ಎಂದು ಕೇಳುವ ಹಕ್ಕು ನಮಗಿರಲಿಲ್ಲ.

ಇನ್ನು ಹರಕೆಯ ವಿಷಯ. ಆ ಪ್ರವಾಸಕ್ಕೆ ಒಂದು ವರ್ಷ ಮುಂಚೆ, ಬಿ.ಎಡ್ ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದಾಗ, ನನಗೆ ಕಾಮಾಲೆ ಬಂತು. ಸಾಧಾರಣ ಕಾಮಾಲೆಯಲ್ಲ. ಆಸ್ಪತ್ರೆಯಲ್ಲಿ ಹದಿನೈದು ದಿನ ಇದ್ದು, ಮೂಳೆ ಚಕ್ಕಳವಾಗಿ, ಕೊನೆಗೆ ಮನೆಗೆ ಕರೆದುಕೊಂಡು ಹೋಗಿ ಎಂದು ಹೇಳಿಸಿಕೊಂಡು ಬಂದೆ. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಚಿಕ್ಕಮ್ಮ ತಲೆಗೆ ನೀರು ಹುಯ್ದುಕೊಂಡು ಒದ್ದೆ ಸೀರೆಯಲ್ಲೇ ಊರ ಮಾರಮ್ಮನ ಗುಡಿಗೆ ಹೋಗಿ, ನನ್ನ ಮಗ ಎದ್ದು ಓಡಾಡಲಿ, ಬರುವ ವರ್ಷದ ಹಬ್ಬಕ್ಕೆ ಒಂದು ಮರಿ ಕೊಡುತ್ತೇನೆ ಎಂದು ಹರಕೆ ಹೊತ್ತಳು. ನಾನು ಎದ್ದೆ. ಮಾರಮ್ಮನಿಂದಲೋ, ಆಸ್ಪತ್ರೆಯಿಂದಲೋ, ಯಾರೋ ತಂದುಕೊಟ್ಟ ಸೊಪ್ಪಿನ ರಸದಿಂದಲೋ ನನಗೆ ತಿಳಿಯದು. ಚಿಕ್ಕಮ್ಮನಿಗೆ ಮಾತ್ರ ಅನುಮಾನವೇ ಇರಲಿಲ್ಲ. ಮುಂದಿನ ಸಂತೆಯಲ್ಲೇ ಒಂದು ಮರಿ ತಂದು ಕಟ್ಟಿದಳು. ನಮ್ಮ ಕಡೆ ಮರಿ ಎಂದರೆ ಕುರಿಯೇ. ಅದು ಬೆಳೆದು, ಕೊಂಬು ತಿರುಗಿ, ಸೊಂಟದೆತ್ತರದ ಟಗರಾದರೂ ಅದನ್ನು ಕಡಿಯುವ ದಿನದವರೆಗೂ ಮರಿ ಎಂದೇ ಕರೆಯುತ್ತಾರೆ.

ಹರಕೆ ಮರಿಗೆ ಕೆಲವು ಕಟ್ಟುಪಾಡುಗಳಿವೆ. ಅದಕ್ಕೆ ಊನ ಇರಬಾರದು. ಕಿವಿ ಹರಿಯಬಾರದು, ಕೊಂಬು ಮುರಿಯಬಾರದು. ಹೊಡೆಯಬಾರದು, ಮಾರಬಾರದು. ಹೆಸರಿಟ್ಟು ಕರೆಯಬಾರದು. ಈ ಕೊನೆಯದನ್ನು ಯಾವ ಪೂಜಾರಿಯೂ ಹೇಳಿದ್ದಲ್ಲ, ಅನುಭವಸ್ಥರು ಮಾಡಿಟ್ಟದ್ದು. ಚಿಕ್ಕಪ್ಪ ಮಿಕ್ಕದ್ದನ್ನೆಲ್ಲ ಪಾಲಿಸಿದ, ಇದೊಂದನ್ನು ಮುರಿದ. ಹುಳ ತಿಂದು ಉಳಿದ ಸೊಪ್ಪನ್ನು ಅದಕ್ಕೆ ಹಾಕುತ್ತಾ ಹಾಕುತ್ತಾ ಸಲಿಗೆ ಬೆಳೆಯಿತು. ನಮ್ಮ ಮನೆಯಲ್ಲಿ ಹತ್ತು ವರ್ಷ ದುಡಿದ ನಾಯಿಗೆ ನಾಯಿ ಎಂಬುದೇ ಹೆಸರು. ಆದರೆ ಈ ಟಗರು ಪುಟ್ಟಸ್ವಾಮಿ. ಚಿಕ್ಕಮ್ಮನ ಎದುರಿಗೆ "ಇದು". ತೋಟದಲ್ಲಿ ಯಾರೂ ಇಲ್ಲದಾಗ "ಬಾರಪ್ಪ, ಪುಟ್ಟಸ್ವಾಮಿ." ನನ್ನನ್ನು ಚಿಕ್ಕಪ್ಪ ಜೀವಮಾನದಲ್ಲಿ ಒಮ್ಮೆಯೂ ಬಾರಪ್ಪ ಎಂದವನಲ್ಲ, ಬಾರ್ಲಾ ಅಷ್ಟೇ. ನನಗೆ ಒಳಗೊಳಗೇ ಹೊಟ್ಟೆ ಉರಿಯುತ್ತಿತ್ತು.

ಆಷಾಢದ ಕೊನೆಯ ಮಂಗಳವಾರ ಮಾರಮ್ಮನ ಹಬ್ಬ, ಅಂದು ಮರಿ ಕಡಿಯಬೇಕು. ಅದರ ಹಿಂದಿನ ಶುಕ್ರವಾರ ನಮ್ಮ ಗೂಡು ಮಾರ್ಕೆಟ್ಟಿಗೆ ಹೋಗಿ ಮನೆಗೆ ಔಷಧಿ ಹೊಡೆದಾಗಿತ್ತು. ಸಂಜೆ ಜಗುಲಿಯ ಮೇಲೆ ಕೂತಿದ್ದ ಚಿಕ್ಕಪ್ಪ ಇದ್ದಕ್ಕಿದ್ದ ಹಾಗೆ ಚಿಕ್ಕಮ್ಮನ ಕಡೆ ತಿರುಗಿ, "ಸಮುದ್ರ ನೋಡ್ಬೇಕು ಸಮುದ್ರ ನೋಡ್ಬೇಕು ಅಂತಿದ್ದೆಯಲ್ಲ, ನಾಳೆ ಓಗ್ಬರಾನ ನಡಿ. ಸೋಮ್ವಾರ ಸಂಜೆಗೆ ವಾಪಸ್ ಬಂದ್ಬುಡಾದು," ಎಂದ. ಇಪ್ಪತ್ತು ವರ್ಷದಿಂದ ಕೇಳಿದರೂ ಕೊಡದ್ದನ್ನು ಒಂದು ದಿನ ಕೇಳದೇ ಕೊಟ್ಟರೆ ಯಾವ ಹೆಂಗಸಿಗೂ ಅನುಮಾನ ಬರುತ್ತದೆ.

"ಮರಿ ಏನ್ ಮಾಡೀರಿ?" ಎಂದಳು ಚಿಕ್ಕಮ್ಮ.

"ಜೊತೇಲಿ ಕರ್ಕೊಂಡೋಗಾದು."

"ಮರೀನ? ಸಮುದ್ರಕ್ಕಾ?"

"ಮನೆ ತುಂಬ ಔಸ್ದಿ ಘಾಟು. ಬ್ಯಾರೆಯೋರ ಕೊಟ್ಟಿಗೇಲಿ ಕಟ್ಟಿ, ಯಾವ್ದಾದ್ರೂ ನಾಯಿ ಕಿವಿ ಹರ್ದಾಕುದ್ರೆ? ಊನ ಆದ್ಮ್ಯಾಕೆ ಅಮ್ಮನಿಗೆ ಏನ್ ಮಖ ತೋರುಸ್ತೀಯ?"

ಚಿಕ್ಕಮ್ಮ ರಾಗಿ ಹಿಟ್ಟು ಕಟ್ಟಲು ಎದ್ದಳು. ಅವಳ ಭಕ್ತಿಯಿಂದಲೇ ಅವಳ ಕೈ ಕಟ್ಟಿದ ಚಿಕ್ಕಪ್ಪನ ಬುದ್ಧಿವಂತಿಕೆ ನನಗೆ ಆಗ ಗೊತ್ತಾಗಲಿಲ್ಲ. ಟಗರು ಹೊರಟ ಮೇಲೆ ನಾಯಿ ಊರಲ್ಲಿ ನಿಲ್ಲಲು ಒಪ್ಪಲಿಲ್ಲ, ಅದೂ ಹತ್ತಿತು. ಬೋರ್ಡು ಓದಲು ಓದಿದವನೊಬ್ಬ ಬೇಕು ಎಂದು ನನ್ನನ್ನು ಹತ್ತಿಸಿದರು. ಗೂಡು ಸಾಗಿಸುವ ಟೆಂಪೋ, ಅದರ ಡ್ರೈವರ್ ಬೋರ. ಸಾಮಾನು ಎಂದರೆ ಒಂದು ದೊಡ್ಡ ಟಾರ್ಪಾಲು, ರಾಗಿ ಹಿಟ್ಟು, ಪಾತ್ರೆ, ನಾಲ್ಕು ಚಂದ್ರಿಕೆ, ಮೂರು ಹೊರೆ ಹಿಪ್ಪುನೇರಳೆ ಸೊಪ್ಪು. ಚಂದ್ರಿಕೆ ಎಂದರೆ ಹಣ್ಣಾದ ಹುಳ ಗೂಡು ಕಟ್ಟಲೆಂದು ಬಿಡುವ, ಆಳುದ್ದದ ಬಿದಿರಿನ ಚಾಪೆ. ಅದರ ಮೇಲೆ ಬಿದಿರಿನ ಪಟ್ಟಿಯನ್ನೇ ಸುತ್ತು ಸುತ್ತಾಗಿ ನಿಲ್ಲಿಸಿರುತ್ತಾರೆ. ಅದು ಡೇರೆಗೆ ಗೋಡೆಯೂ ಆಗುತ್ತದೆ ನೆಲವೂ ಆಗುತ್ತದೆ ಎಂದು ಚಿಕ್ಕಪ್ಪನ ಲೆಕ್ಕ. ಸೊಪ್ಪು ಯಾಕೆ ಎಂದು ಕೇಳಿದೆ. ಕಾಡಿಗೆ ಸೊಪ್ಪು ಹೊತ್ತುಕೊಂಡು ಹೋಗುವವರನ್ನು ನೀವು ಕಂಡಿದ್ದೀರಾ?

"ಇದು ಬ್ಯಾರೆ ಸೊಪ್ಪು ಮೂಸ್ ಕೂಡ ನೋಡಾಕಿಲ್ಲ ಕಣ್ಲಾ," ಎಂದ ಚಿಕ್ಕಪ್ಪ. ಅಭಿಮಾನದಿಂದ ಹೇಳಿದ.

ಹಾಸನ ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆ ಒಂದು ಗಂಟೆ ಅಬ್ಬರಿಸಿ ಕೆಲಸ ಮುಗಿಸಿಕೊಂಡು ಹೋಗುತ್ತದೆ. ಅಲ್ಲಿಯದು ಹಾಗಲ್ಲ, ಬಂದ ನೆಂಟ ಎದ್ದು ಹೋಗುವ ಮಾತೇ ಆಡುವುದಿಲ್ಲ. ಟೆಂಪೋದ ಹಿಂದುಗಡೆ ನಾನು, ನಾಯಿ, ಪುಟ್ಟಸ್ವಾಮಿ. ಒದ್ದೆಯಾದ ಟಗರಿನ ವಾಸನೆ ಎಂಥದ್ದೆಂದು ವಿವರಿಸುವ ಶಕ್ತಿ ನನಗಿಲ್ಲ. ಅದು ತನ್ನ ತಲೆಯನ್ನು ನನ್ನ ಹೆಗಲ ಮೇಲಿಟ್ಟು ನಿದ್ದೆ ಮಾಡಿತು. ಸಕಲೇಶಪುರದಲ್ಲಿ ಒಂದು ಲಾಡ್ಜಿಗೆ ಹೋಗಿ ಕೇಳಿದೆವು. ಅಲ್ಲಿಯವನು ಟೆಂಪೋದೊಳಗೆ ಇಣುಕಿ, "ನಾಯಿ ಆದ್ರೆ ಯೋಚನೆ ಮಾಡಬಹುದಿತ್ತು," ಎಂದು ಹೇಳಿ ಬಾಗಿಲು ಹಾಕಿಕೊಂಡ. ಆದ್ದರಿಂದ ಘಾಟಿಯ ರಸ್ತೆಯ ಪಕ್ಕ ಲಾರಿಗಳು ನಿಲ್ಲುವ ಒಂದು ಸಮತಟ್ಟಾದ ಜಾಗದಲ್ಲಿ ಡೇರೆ ಹಾಕಿದೆವು. ಟೆಂಪೋಗೂ ಒಂದು ಮರಕ್ಕೂ ಟಾರ್ಪಾಲು ಕಟ್ಟಿ, ಎರಡು ಚಂದ್ರಿಕೆ ನಿಲ್ಲಿಸಿ ಗೋಡೆ ಮಾಡಿ, ಇನ್ನೆರಡನ್ನು ಕೆಳಗೆ ಹಾಸಿದೆವು. ಆ ಬಿದಿರಿನ ಸುತ್ತು ಬೆನ್ನಿಗೆ ಒತ್ತಿ ಬೆಳಗ್ಗೆ ಎದ್ದಾಗ ನನ್ನ ಬೆನ್ನ ಮೇಲೆಲ್ಲ ಉಂಗುರಗಳು. ಟಗರಿಗೆ ಮಾತ್ರ ಚಿಕ್ಕಪ್ಪ ತನ್ನ ಕಂಬಳಿ ಹಾಸಿದ್ದ.

ಭಾನುವಾರ ಬೆಳಗ್ಗೆ ಸೊಪ್ಪಿನ ಹೊರೆಗಳೆಲ್ಲ ನೆನೆದಿದ್ದವು. ಸುತ್ತ ಬೆಟ್ಟದ ತುಂಬ ಹಸಿರು, ಕುರಿಯಾಗಿ ಹುಟ್ಟಿದವರಿಗೆ ಅದಕ್ಕಿಂತ ಸ್ವರ್ಗ ಬೇಕೇ? ಪುಟ್ಟಸ್ವಾಮಿ ಅದರ ಕಡೆ ತಿರುಗಿಯೂ ನೋಡಲಿಲ್ಲ. ಹಿಪ್ಪುನೇರಳೆಯೇ ಆಗಬೇಕು. ಚಿಕ್ಕಪ್ಪನೋ, ಹುಳಕ್ಕೆ ಒದ್ದೆ ಸೊಪ್ಪು ಕೊಟ್ಟು ಗೊತ್ತಿಲ್ಲದವನು, ಟಗರಿಗೂ ಕೊಡಲಾರ. ಒಂದೊಂದು ಎಲೆಯನ್ನೂ ಟವೆಲಿನಿಂದ ಎರಡೂ ಕಡೆ ಒರೆಸಿ ಕೊಡಬೇಕು. "ಚಿಕ್ಕಪ್ಪ, ಅದು ಹುಳ ಅಲ್ಲ, ಟಗರು. ಅದರ ಮೈಯೇ ತೊಯ್ದು ತೊಪ್ಪೆಯಾಗಿದೆ," ಎಂದೆ. "ಮೈ ಬ್ಯಾರೆ, ಹೊಟ್ಟೆ ಬ್ಯಾರೆ. ಒರ್ಸು," ಎಂದ. ಗಣಿತದಲ್ಲಿ ಪದವಿ ಪಡೆದ ನಾನು ಘಾಟಿಯ ಮಳೆಯಲ್ಲಿ ಕೂತು ಒಂದು ಟಗರಿಗಾಗಿ ಎಲೆ ಒರೆಸಿದೆ. ದಾರಿಯಲ್ಲಿ ಹೋಗುವ ಲಾರಿಯವರು ನಿಧಾನ ಮಾಡಿ ನೋಡಿಕೊಂಡು ಹೋದರು.

ಆಮೇಲೆ ಜಿಗಣೆ. ಬಯಲುಸೀಮೆಯವರಾದ ನಮಗೆ ಕೆರೆಯಲ್ಲಿ ಜಿಗಣೆ ಗೊತ್ತು, ಹುಲ್ಲಿನ ಮೇಲೆ ನಿಂತು ದಾರಿ ಕಾಯುವ ಜಿಗಣೆ ಗೊತ್ತಿರಲಿಲ್ಲ. ನನ್ನ ಕಾಲಿಗೆ ಐದು, ನಾಯಿಯ ಮೂಗಿನೊಳಗೆ ಒಂದು. ಚಿಕ್ಕಮ್ಮ ಎಲೆ ಅಡಿಕೆಯ ಡಬ್ಬಿಯಿಂದ ಸುಣ್ಣ ತೆಗೆದು ಒಂದೊಂದನ್ನೇ ಬಿಡಿಸಿದಳು. ಪುಟ್ಟಸ್ವಾಮಿಯ ಕಿವಿಯಲ್ಲಿ ಒಂದು ಇತ್ತು. ಅದನ್ನು ಕಿತ್ತಾಗ ರಕ್ತ ಸುರಿಯಿತು. ಚಿಕ್ಕಪ್ಪನ ಮುಖದಲ್ಲಿ ಇದ್ದಕ್ಕಿದ್ದಂತೆ ಒಂದು ಕಳೆ ಬಂತು.

"ಊನ ಆಗೋಯ್ತಲ್ಲೇ," ಎಂದ, ದುಃಖವಾದವನ ಹಾಗೆ. "ಕಿವೀಲಿ ರಕ್ತ ಬಂತು. ಇನ್ನಿದು ದೇವ್ರಿಗೆ ಬರಾಕಿಲ್ಲ."

"ಜಿಗಣೆ ಕಚ್ಚೋದು ಊನ ಅಲ್ಲ," ಎಂದಳು ಚಿಕ್ಕಮ್ಮ.

"ರಕ್ತ ಬಂದೈತೆ ನೋಡು."

"ಸೊಳ್ಳೆ ಕಚ್ಚಿದ್ರೂ ರಕ್ತ ಬತ್ತದೆ. ಊರಲ್ಲಿರೋ ಮರಿಗೆಲ್ಲ ಸೊಳ್ಳೆ ಕಚ್ಚೈತೆ. ಅಮ್ಮ ಯಾವತ್ತಾದ್ರೂ ಬ್ಯಾಡ ಅಂದವ್ಳಾ?"

ಆಗ ನನಗೆ ಅರ್ಥವಾಯಿತು. ಸಮುದ್ರವೂ ಇಲ್ಲ, ಪ್ರವಾಸವೂ ಇಲ್ಲ. ಮಂಗಳವಾರ ಕಳೆಯುವವರೆಗೆ ಈ ಟಗರನ್ನು ಊರಿನಿಂದ ದೂರ ಇಡಬೇಕು, ಅಷ್ಟೇ ಚಿಕ್ಕಪ್ಪನಿಗೆ ಬೇಕಾದದ್ದು. ಅದಕ್ಕಾಗಿ ನಾವೆಲ್ಲ ಈ ಮಳೆಯಲ್ಲಿ ಕೊಳೆಯುತ್ತಿದ್ದೇವೆ. ನನಗೆ ಬಂದ ಸಿಟ್ಟಿಗೆ ಏನಾದರೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಮಾತಿನ ಬದಲು ಸೀನು ಬಂತು.

ನೀವು ಅದನ್ನು ನೋಡಬೇಕಿತ್ತು. ಚಿಕ್ಕಮ್ಮ ತಿರುಗಿ ನನ್ನ ಮುಖ ನೋಡಿದಳು. ಆಮೇಲೆ ಟಗರನ್ನು ನೋಡಿದಳು. ಚಿಕ್ಕಪ್ಪ ಇಬ್ಬರನ್ನೂ ನೋಡಿದ. ಆ ಮರಿ ನನ್ನ ಪ್ರಾಣಕ್ಕೆ ಹೊತ್ತ ಹರಕೆ. ಅದನ್ನು ಒಪ್ಪಿಸುವ ಹೊತ್ತಿನಲ್ಲಿ ನನ್ನ ಮೈ ಕೆಟ್ಟರೆ ಅದು ಬರೀ ನೆಗಡಿಯಲ್ಲ, ಮಾರಮ್ಮ ಕಳಿಸಿದ ನೋಟೀಸು. ಅಲ್ಲಿಂದ ಮುಂದೆ ನಾನು ಒಂದೊಂದು ಸಲ ಸೀನಿದಾಗಲೂ ಪುಟ್ಟಸ್ವಾಮಿಯ ಕುತ್ತಿಗೆ ಕತ್ತಿಗೆ ಒಂದು ಗೇಣು ಹತ್ತಿರವಾಗುತ್ತಿತ್ತು. ಚಿಕ್ಕಪ್ಪ ನನ್ನನ್ನು ಟೆಂಪೋದ ಹಿಂದಕ್ಕೆ ಕರೆದುಕೊಂಡು ಹೋಗಿ, "ಲೇ, ಒಸಿ ತಡ್ಕೊಳ್ಲಾ. ಬತ್ತದೆ ಅನ್ನಿಸ್ದಾಗ ಮೂಗು ಹಿಡ್ಕೊಂಡು ಆಚೆ ಹೋಗ್ಬುಡು," ಎಂದ. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ, ಇಲ್ಲಿ ಇಲಿ ಯಾರು ಎಂಬುದೇ ಸ್ಪಷ್ಟವಿರಲಿಲ್ಲ. ಆ ದಿನವೆಲ್ಲ ನಾನು ಮೂಗು ಹಿಡಿದುಕೊಂಡು ಮಳೆಗೆ ಓಡುವುದು, ಅಲ್ಲಿ ಸೀನಿ ಇನ್ನಷ್ಟು ನೆನೆದು ಬರುವುದು, ಅದರಿಂದ ಇನ್ನಷ್ಟು ಸೀನುವುದು. ಆ ಟಗರನ್ನು ಉಳಿಸಲು ನಾನು ಪಟ್ಟ ಪಾಡನ್ನು ನನ್ನ ಸ್ವಂತ ಮಕ್ಕಳಿಗಾಗಿಯೂ ಪಟ್ಟಿಲ್ಲ. ಅದೋ, ಒರೆಸಿದ ಎಲೆ ತಿನ್ನುತ್ತಾ ನಿಂತಿತ್ತು.

ಸೋಮವಾರ ಬೆಳಗ್ಗೆ ನನಗೆ ಜ್ವರ. ಚಿಕ್ಕಮ್ಮ ಹಣೆ ಮುಟ್ಟಿ ನೋಡಿ, ಪಾತ್ರೆ ಪಡಗ ಎತ್ತಿಡಲು ಶುರು ಮಾಡಿದಳು. "ಈಗ್ಲೇ ಹೊಲ್ಟ್ರೆ ಇವತ್ತು ಸಂಜೆಯೊಳಗೆ ಊರು ಸೇರ್ಬೋದು."

ಬೋರ ತಲೆ ಕೆರೆದುಕೊಂಡು, "ಕ್ಲಚ್ಚು ಹೋಗೈತಕ್ಕ," ಎಂದ.

"ನೆನ್ನೆ ಸಂಜೆ ಬೀಡಿ ತರಾಕೆ ಇದೇ ಗಾಡೀಲಿ ಪ್ಯಾಟೆಗೆ ಹೋಗಿದ್ಯಲ್ಲ. ಆಗ ಕ್ಲಚ್ಚು ಇತ್ತಾ?"

ಬೋರ ಚಿಕ್ಕಪ್ಪನ ಮುಖ ನೋಡಿದ. ಅಲ್ಲಿಗೆ ನಾಟಕ ಮುಗಿಯಿತು. ಚಿಕ್ಕಮ್ಮ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. ಚಿಕ್ಕಪ್ಪ ಟಗರಿನ ಬೆನ್ನ ಮೇಲೆ ಕೈಯಿಟ್ಟುಕೊಂಡು, ತಲೆ ಎತ್ತದೆ, "ನನ್ ಕೈಲಾಗಾಕಿಲ್ಲ ಕಣೆ," ಎಂದ.

"ಒಂದ್ ಬೆಳೆಗೆ ಲಕ್ಷ ಹುಳನ ಬೇಯಾಕೆ ಕಳುಸ್ತೀರಿ. ಇದೊಂದಕ್ಕೆ ನಿಮ್ಗೆ ಕರುಳು ಚುರ್ ಅಂತದಾ?"

"ಹುಳಕ್ಕೆ ನಾನು ಹೆಸ್ರಿಟ್ಟಿಲ್ಲ."

"ಏನಂತ ಇಟ್ಟಿದ್ದೀರಿ?"

ಚಿಕ್ಕಪ್ಪ ಹೇಳಿದ. ಹೆಸರು ಕೇಳಿ ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳಿಗೆ ಅಳು ಬಂದಿತ್ತು. "ಮಗೀನ ಜೀವಕ್ಕೆ ಹೊತ್ತ ಹರಕೆ ಇದು. ಕೊಡ್ತೀನಿ ಅಂದು ಕೊಡ್ದೆ ಇದ್ರೆ, ನಾಳೆ ಇವ್ನಿಗೇನಾದ್ರೂ ಆದ್ರೆ, ನಾನೆಲ್ಲಿ ಹೋಗ್ಲಿ? ಇವ್ನ ಅವ್ವ ನನ್ ಕೈಗೆ ಕೊಟ್ಟು ಹೋದವ್ಳು." ಆಮೇಲೆ ನನ್ನ ಕಡೆ ತಿರುಗಿ, "ನಿಂದು ಜೀವ. ನೀನೇ ಹೇಳು," ಎಂದಳು.

ಜನ ಈ ಕತೆ ಕೇಳುವಾಗ ಇಲ್ಲಿ ನನ್ನಿಂದ ಏನೋ ದೊಡ್ಡ ಮಾತು ನಿರೀಕ್ಷಿಸುತ್ತಾರೆ. ನಾನು ಕರುಣೆಯಿಂದ ಏನೂ ಹೇಳಲಿಲ್ಲ. ಆ ಟಗರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಆದರೆ ಅಷ್ಟು ಎಲೆ ಒರೆಸಿ, ಅಷ್ಟು ಸೀನು ತಡೆದು, ಕೊನೆಗೆ ಅದನ್ನು ಕಡಿದರೆ ಆ ಎರಡು ದಿನದ ಪಾಡೆಲ್ಲ ದಂಡ ಎನಿಸಿತು. "ಇರಲಿ ಬಿಡು ಚಿಕ್ಕಮ್ಮ. ನೆನೆದಿದ್ದೀನಿ, ನೆಗಡಿಯಾಗಿದೆ, ಅಷ್ಟೇ," ಎಂದೆ. ಬಾಯಿ ಹಾಗೆ ಹೇಳಿತು. ಒಳಗೆ ಹೆದರಿಕೆ ಇತ್ತು. ಎಷ್ಟು ಗಣಿತ ಓದಿದ್ದರೂ ಇತ್ತು.

ಚಿಕ್ಕಮ್ಮ ಎತ್ತಿಟ್ಟಿದ್ದ ಪಾತ್ರೆಗಳನ್ನು ಮತ್ತೆ ಕೆಳಗಿಳಿಸಿದಳು. ಆ ದಿನ ಜ್ವರ ಏರಿತು. ರೇಷ್ಮೆಯವರಲ್ಲಿ ಹುಳ ಪೊರೆ ಬಿಡಲು ತಿನ್ನುವುದು ನಿಲ್ಲಿಸಿ ಮಲಗುವುದಕ್ಕೂ ಜ್ವರ ಎಂದೇ ಹೇಳುತ್ತಾರೆ. ಚಿಕ್ಕಪ್ಪ ಆ ಅನುಭವದಿಂದಲೇ, ಜ್ವರಕ್ಕೆ ಕೂತದ್ದನ್ನು ಮುಟ್ಟಬಾರದು, ಏನೂ ತಿನ್ನಿಸಬಾರದು, ತಾನೇ ಏಳುತ್ತದೆ ಎಂದು ವೈದ್ಯ ಮಾಡಿ ನನ್ನನ್ನು ಉಪವಾಸ ಕೆಡವಿದ. ಮಂಗಳವಾರ, ಊರಿನಲ್ಲಿ ಹಬ್ಬ ನಡೆಯುವ ಹೊತ್ತಿಗೆ, ಚಿಕ್ಕಮ್ಮ ಮಳೆಯಲ್ಲಿ ಎಲ್ಲಿಗೋ ಹೋಗಿ ಬಹಳ ಹೊತ್ತಿನ ಮೇಲೆ ತೊಯ್ದುಕೊಂಡು ಬಂದು, ಮೆಣಸಿನ ಸಾರು ಮಾಡಿ ನನಗೆ ಕುಡಿಸಿದಳು. ಬುಧವಾರ ಜ್ವರ ಬಿಟ್ಟಿತು. ಘಾಟಿ ಇಳಿದು ಹೋಗಿ ಸಮುದ್ರವನ್ನೂ ನೋಡಿದೆವು. ಮಳೆಯಲ್ಲಿ ಅದೂ ಆಕಾಶವೂ ಒಂದೇ ಬೂದು ಬಣ್ಣ. ಚಿಕ್ಕಮ್ಮ ಸ್ವಲ್ಪ ಹೊತ್ತು ನೋಡಿ, "ಇಷ್ಟೊಂದು ನೀರು ಇಟ್ಕೊಂಡು ಒಂದು ಗುಂಟೆ ಗದ್ದೆ ಮಾಡಿಲ್ವಲ್ಲ," ಎಂದಳು. ಪುಟ್ಟಸ್ವಾಮಿ ಉಪ್ಪು ನೀರು ಕುಡಿದು ದಾರಿಯುದ್ದಕ್ಕೂ ನನ್ನ ಮೇಲೆ ಭೇದಿ ಮಾಡಿತು.

ಮುಂದಿನ ವರ್ಷದ ಹಬ್ಬಕ್ಕೆ ಚಿಕ್ಕಮ್ಮ ಹರಕೆಯ ಮಾತೇ ಎತ್ತಲಿಲ್ಲ. "ಅಮ್ಮ ಮರ್ತ್ಬುಟ್ಳು ಕಣ್ಲಾ," ಎಂದು ಚಿಕ್ಕಪ್ಪ ನನ್ನ ಕಿವಿಯಲ್ಲಿ ಹೇಳಿ ನಕ್ಕ. ಟಗರು ಕೊಬ್ಬಿ, ಊರವರನ್ನೆಲ್ಲ ಗುದ್ದಿ, ನನ್ನ ಮದುವೆಯ ಚಪ್ಪರದಲ್ಲಿ ನನ್ನ ಮಾವನನ್ನೇ ಕೆಡವಿ, ಕೊನೆಗೆ ಮುಪ್ಪಿನಿಂದ ಸತ್ತಿತು. ಕತೆ ಇಷ್ಟೇ. ಇಲ್ಲಿಗೆ ನಿಲ್ಲಿಸಿದರೆ ಎಲ್ಲರೂ ನಗುತ್ತಾರೆ. ನಾನೂ ಇಲ್ಲಿಗೇ ನಿಲ್ಲಿಸಿ, ಮಾರನೆಯ ದಿನ ಪಿತೃಪಕ್ಷದ ಊಟಕ್ಕೆಂದು ಊರಿಗೆ ಹೋದೆ.

ಚಿಕ್ಕಪ್ಪ ಹೋಗಿ ನಾಲ್ಕು ವರ್ಷವಾಯಿತು. ಚಿಕ್ಕಮ್ಮ, ನಾವು ಘಾಟಿಗೆ ಹೋದಾಗ ಹಾಸ್ಟೆಲಿನಲ್ಲಿ ಓದುತ್ತಿದ್ದ ತನ್ನ ಸ್ವಂತ ಮಗ ಮತ್ತು ಸೊಸೆಯ ಜೊತೆ ಇದ್ದಾಳೆ, ಇವತ್ತಿಗೂ ಹಬ್ಬದ ಅಡುಗೆ ಅವಳದ್ದೇ. ನಮ್ಮಲ್ಲಿ ಹಿರಿಯರಿಗೆ ಎಡೆ ಇಡುವ ದಿನ ಮಾಂಸದ ಅಡುಗೆ. ಬಸ್ಸು ಕೆಟ್ಟು ನಾನು ತಲುಪಿದಾಗ ಮಧ್ಯಾಹ್ನ ಮೂರೂವರೆ. ಎಲ್ಲರ ಊಟವಾಗಿ ಅವರವರ ಮೂಲೆ ಸೇರಿದ್ದರು. ಚಿಕ್ಕಮ್ಮ ಒಬ್ಬಳು ನನಗಾಗಿ ಕಾದಿದ್ದಳು. ಹೆಂಗಸರು ಕಡೆಯ ಪಂಕ್ತಿ, ಅಡುಗೆ ಮಾಡಿದವಳು ಅದಕ್ಕೂ ಕಡೆ. ಆದ್ದರಿಂದ ಇಷ್ಟು ವರ್ಷದಲ್ಲಿ ಹಬ್ಬದ ದಿನ ನಾನು ಅವಳ ಜೊತೆ ಕೂತು ಉಂಡಿರಲಿಲ್ಲ. ಅಡುಗೆಮನೆಯಲ್ಲೇ ಎದುರು ಬದುರು ಕೂತೆವು. ನನ್ನ ತಟ್ಟೆಗೆ ಮುದ್ದೆ, ಮೂಳೆ ಸಮೇತ ಸಾರು. ಅವಳ ತಟ್ಟೆಯಲ್ಲಿ ಮುದ್ದೆ, ಬೇರೆ ಪಾತ್ರೆಯಿಂದ ಬಡಿಸಿಕೊಂಡ ಸೊಪ್ಪಿನ ಸಾರು.

"ನಿನಗೆ?" ಎಂದೆ.

"ನಾನು ತಿನ್ನಾಕಿಲ್ಲ ಕಣಪ್ಪ."

"ಡಾಕ್ಟರು ಬೇಡ ಅಂದ್ರಾ?"

"ಡಾಕ್ಟ್ರು ಯಾಕಂದಾರು," ಎಂದಳು. ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದಳು. ನಾನು ಬಿಡಲಿಲ್ಲ, ಯಾವಾಗಿನಿಂದ ಎಂದು ಕೇಳಿದೆ. "ಆವತ್ತಿಂದ್ಲೇ. ಘಾಟೀಲಿ ನಿಂಗೆ ಜ್ವರ ಬಂದಿತ್ತಲ್ಲ, ಹಬ್ಬದ ದಿನ. ಊರು ಯಾವ ದಿಕ್ಕಿಗೈತೆ ಅಂತ ಬೋರನ್ನ ಕೇಳಿ, ಆ ದಿಕ್ಕಿಗೆ ನಿಂತ್ಕೊಂಡು ಅಮ್ಮನಿಗೆ ಹೇಳ್ದೆ. ಮರಿ ಇವ್ರು ಬುಡಾಕಿಲ್ಲ ಕಣವ್ವ, ಅದ್ರ ಬದ್ಲು ನನ್ ಬಾಯಿ ತಕೋ. ಇನ್ ಮ್ಯಾಕೆ ತುಂಡು ಮುಟ್ಟಾಕಿಲ್ಲ, ಮಗೀನ ಬುಟ್ಬುಡು ಅಂದೆ. ಮಾರ್ನೆ ದಿನ ಜ್ವರ ಬುಡ್ತಲ್ಲ."

ಅವಳು ಎಂಥ ಮಾಂಸದ ಅಡುಗೆ ಮಾಡುತ್ತಾಳೆಂದು ಸುತ್ತ ಹತ್ತು ಹಳ್ಳಿಗೆ ಗೊತ್ತು. ನನ್ನ ಮದುವೆಯ ಬೀಗರೂಟ ಅವಳೇ ಮಾಡಿದ್ದು. ನನ್ನ ಮಗಳು ಹುಟ್ಟಿದಾಗ ಬಾಣಂತಿಗೆ ನಾಟಿಕೋಳಿ ಸಾರು ಅವಳೇ ಮಾಡಿ ಕಳಿಸಿದ್ದು. ಪ್ರತಿ ಸಲವೂ ಸಾರು ಕುದಿಯುವಾಗ ನನ್ನನ್ನೋ ಚಿಕ್ಕಪ್ಪನನ್ನೋ ಕೂಗಿ, ಅಂಗೈಗೆ ಒಂದು ತೊಟ್ಟು ಹಾಕಿ, ಉಪ್ಪು ನೋಡು ಎನ್ನುತ್ತಿದ್ದಳು. ನನ್ನ ನಾಲಿಗೆ ಎಂದರೆ ಚಿಕ್ಕಮ್ಮನಿಗೆ ಅಷ್ಟು ನಂಬಿಕೆ ಎಂದು ನಾನು ಹೆಂಡತಿಯ ಎದುರು ಎಷ್ಟು ಸಲ ಕೊಚ್ಚಿಕೊಂಡಿದ್ದೇನೆ. ಮೂವತ್ತು ವರ್ಷ ಅವಳ ತಟ್ಟೆಯನ್ನು ಒಬ್ಬರೂ ನೋಡಿರಲಿಲ್ಲ. ನಾವೆಲ್ಲ ಉಂಡು, ಕೈ ತೊಳೆದು, ಆ ಟಗರಿನ ಕತೆ ಹೇಳಿ ನಗುತ್ತಾ ಜಗುಲಿಯಲ್ಲಿ ಕೂತಿದ್ದೆವು. ಅವಳು ಒಳಗೆ ಉಣ್ಣುತ್ತಿದ್ದಳು.

"ಚಿಕ್ಕಪ್ಪನಿಗೆ ಗೊತ್ತಿತ್ತಾ?"

"ಅವ್ರಿಗೆ ಹೇಳಿದ್ರೆ ಅವ್ರೂ ಬುಡೋರು. ತ್ವಾಟದಲ್ಲಿ ಗೇಯೋ ಗಂಡ್ಸು, ತಿನ್ದೆ ಇದ್ರೆ ಆಯ್ತದಾ?"

ನನಗೆ ಸಿಟ್ಟು ಬಂತು. ನಿಜವಾದ ಸಿಟ್ಟು. ಚಿಕ್ಕಪ್ಪನ ಮೇಲೆ, ಟಗರಿನ ಮೇಲೆ, ಘಾಟಿಯ ಮಳೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಅವಳ ಮೇಲೆ. "ನನಗಾದರೂ ಒಂದು ಮಾತು ಹೇಳಬಹುದಿತ್ತಲ್ಲ ಚಿಕ್ಕಮ್ಮ," ಎಂದು ಜೋರಾಗಿಯೇ ಹೇಳಿದೆ.

ಅವಳು ನನ್ನನ್ನು ನೋಡಿದಳು. "ಹೇಳಿದ್ರೆ ನೀನು ತಿಂತಿದ್ಯಾ?"

ನಾನು ಮುದ್ದೆಯನ್ನು ಬೆರಳಲ್ಲಿ ಹೊಸಕುತ್ತಾ ಕೂತೆ. "ಉಣ್ಣು, ಆರೋಯ್ತದೆ," ಎಂದು ಇನ್ನೊಂದು ಸೌಟು ಹಾಕಿದಳು. ಉಂಡೆ. ಅವಳು ನೋಡುತ್ತಾ ಕೂತಿದ್ದಳು.

ಇದು ನಡೆದು ಎರಡು ತಿಂಗಳಾಯಿತು. ಮಗಳೂ ನಾಯಿಯೂ ಘಾಟಿಗೆ ಹೋಗಿ ಬಂದರು. ಕತೆ ಕೊಡಲಿಲ್ಲವಲ್ಲ ಎಂದು ಅವಳು ಇನ್ನೂ ಕೇಳುತ್ತಾಳೆ. ನಾನು ಈ ಮಧ್ಯೆ ಎರಡು ಸಲ ಊರಿಗೆ ಹೋಗಿದ್ದೆ. ಈಗ ಬೆಳಗಿನ ಮೊದಲ ಬಸ್ಸಿಗೇ ಹೋಗಿ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂರುತ್ತೇನೆ. ಸಾರು ಕುದಿಯುವಾಗ ಚಿಕ್ಕಮ್ಮ ಸೌಟು ತಂದು ನನ್ನ ಅಂಗೈಗೆ ಒಂದು ತೊಟ್ಟು ಹಾಕುತ್ತಾಳೆ. ಮೊದಲೆಲ್ಲ ನಾಲಿಗೆಗೆ ಸೋಕಿಸಿದ ಶಾಸ್ತ್ರ ಮಾಡಿ, ಸರಿ ಇದೆ ಎಂದು ಎದ್ದು ಹೋಗಿಬಿಡುತ್ತಿದ್ದೆ. ಈಗ ಉಪ್ಪು, ಖಾರ, ಹುಳಿ ಒಂದೊಂದನ್ನೂ ನೋಡಿ, ಹೇಗಿದೆ ಎಂದು ಅವಳಿಗೆ ಪೂರ್ತಿ ಹೇಳುತ್ತೇನೆ.